ಓದಿದ್ದು ಕೈಗೆ ಬರಬೇಕು

ಸಹೋದರಿಯರೇ, ನಿಮ್ಮ ಮನೆಯಲ್ಲಿ ನರ್ಸ್ ಆಗಿರುವ ಮಗಳೋ ಸೊಸೆಯೋ ಇದ್ದರೆ ಒಮ್ಮೆ ಕೇಳಿ ನೋಡಿ: "ಹೃದಯ ನಿಂತವರಿಗೆ ಕೊಡುವ ಸಿಪಿಆರ್ ಅನ್ನು ನೀನು ಕೊನೆಯ ಬಾರಿ ಅಭ್ಯಾಸ ಮಾಡಿದ್ದು ಯಾವಾಗ?"

ಈ ಪ್ರಶ್ನೆಗೆ ಕಾರಣವಿದೆ. ಹೃದಯ ನಿಂತ ನಾಲ್ಕೈದು ನಿಮಿಷಗಳಲ್ಲೇ ಮೆದುಳಿಗೆ ಹಾನಿಯಾಗತೊಡಗುತ್ತದೆ. ಆಗ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ದೊಡ್ಡವರಿಗಾದರೆ 5 ಸೆಂಟಿಮೀಟರಿನಷ್ಟಾದರೂ ಆಳಕ್ಕೆ ಒತ್ತಬೇಕು, 6 ದಾಟಬಾರದು. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. 30 ಬಾರಿ ಒತ್ತಿದ ಮೇಲೆ 2 ಬಾರಿ ಉಸಿರು ಕೊಡಬೇಕು. ಇದನ್ನು ಬರೆದು ಪೂರ್ಣ ಅಂಕ ಪಡೆಯುವುದು ಸುಲಭ. ರೋಗಿಯ ಮುಂದೆ ನಿಂತಾಗ ಕೈ ಅದೇ ಲೆಕ್ಕ ಹಿಡಿಯುತ್ತದೆಯೇ?

ಎದೆ ಒತ್ತಿ ರಕ್ತ ಹರಿಸಬಹುದೆಂದು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವೈದ್ಯರ ತಂಡ 1960ರಲ್ಲಿ ಜಗತ್ತಿಗೆ ತಿಳಿಸಿತು. ಅದೇ ವರ್ಷ ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲಾರ್ಡಲ್ ತರಬೇತಿಗೆಂದೇ ಆಳೆತ್ತರದ ಗೊಂಬೆಯೊಂದನ್ನು ಮಾಡಿದರು. ಕೈ ಕಲಿಯಲು ಕೈಗೆ ಏನಾದರೂ ಸಿಗಬೇಕಲ್ಲವೇ?

ಮರೆವಿನ ಲೆಕ್ಕ

ಕಲಿತದ್ದು ಎಷ್ಟು ಬೇಗ ಮರೆಯುತ್ತದೆ ಎಂಬುದನ್ನು ಜರ್ಮನಿಯ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಸಿಪಿಆರ್ ಕೂಡ ಇದಕ್ಕೆ ಹೊರತಲ್ಲ. ತರಬೇತಿಯಾದ ಮೂರರಿಂದ ಆರು ತಿಂಗಳೊಳಗೆ ಕೌಶಲ ಕುಂದುತ್ತದೆ. ಆದರೆ ಸರ್ಟಿಫಿಕೇಟಿನ ಅವಧಿ ಸಾಮಾನ್ಯವಾಗಿ ಎರಡು ವರ್ಷ! ಆದ್ದರಿಂದಲೇ ಈಗ ಕೆಲವು ಆಸ್ಪತ್ರೆಗಳು ಗೊಂಬೆಯನ್ನು ವಾರ್ಡಿಗೇ ತಂದು, ಮೂರು ತಿಂಗಳಿಗೊಮ್ಮೆ ಕೆಲವೇ ನಿಮಿಷಗಳ ಅಭ್ಯಾಸ ಮಾಡಿಸುತ್ತವೆ. ಒತ್ತು ಸಾಕಷ್ಟು ಆಳವಾಗಿದೆಯೇ, ವೇಗ ಸರಿಯಿದೆಯೇ ಎಂದು ಯಂತ್ರ ಕೂಡಲೇ ಹೇಳುತ್ತದೆ.

ತಪ್ಪಿದಲ್ಲೇ ತಿದ್ದು

ಸುಮ್ಮನೆ ನೂರು ಸಲ ಮಾಡಿದರೆ ತಪ್ಪೂ ರೂಢಿಯಾದೀತು. ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ 1993ರಲ್ಲಿ ವಿವರಿಸಿದ ಉದ್ದೇಶಪೂರ್ವಕ ಅಭ್ಯಾಸದಲ್ಲಿ ಕೊರತೆಯಿರುವ ಭಾಗವನ್ನೇ ಹಿಡಿದು ತಿದ್ದಲಾಗುತ್ತದೆ. ಇದನ್ನನುಸರಿಸಿ ಕೆಲವೆಡೆ ತರಬೇತುದಾರರು ತಪ್ಪು ಕಂಡೊಡನೆ ನಿಲ್ಲಿಸಿ, ತಿದ್ದಿ, ಅಲ್ಲಿಂದಲೇ ಮತ್ತೆ ಮಾಡಿಸುತ್ತಾರೆ. ಹೊಲಿಗೆ ಕಲಿಸುವವರು ತಪ್ಪಿದ ಹೊಲಿಗೆಯನ್ನು ಅಲ್ಲೇ ಬಿಚ್ಚಿಸಿ ಮತ್ತೆ ಹೊಲಿಸುವಂತೆ.

ಅಭ್ಯಾಸ ಮುಗಿದ ಮೇಲೆ ಎಲ್ಲರೂ ಕುಳಿತು ಮಾತಾಡುವುದೂ ಪಾಠದ ಭಾಗ. ಅನುಭವದ ಮೇಲೆ ಚಿಂತನೆ ನಡೆದಾಗಲೇ ಅದು ಕಲಿಕೆಯಾಗುತ್ತದೆಂದು ಡೇವಿಡ್ ಕೋಲ್ಬ್ 1984ರಲ್ಲಿ ಬರೆದರು. "ಏಕೆ ತಡ ಮಾಡಿದೆ?" ಎಂದು ಗದರಿದರೆ ಕಲಿಯುವವಳು ಬಾಯಿ ಮುಚ್ಚುತ್ತಾಳೆ. "ಆ ಹೊತ್ತಿನಲ್ಲಿ ನಿನಗೆ ಏನನ್ನಿಸಿತು?" ಎಂದು ಕೇಳಿದರೆ ತೊಡಕು ಎಲ್ಲಿತ್ತೆಂದು ಅವಳೇ ಹೇಳುತ್ತಾಳೆ. ಪಾಠ ಹೇಳುವ ನಮಗೂ, ಮಕ್ಕಳನ್ನು ಬೆಳೆಸುವ ನಿಮಗೂ ಇದು ಹೊಸದೇನಲ್ಲ, ಆದರೂ ಎಷ್ಟು ಬಾರಿ ಮರೆಯುತ್ತೇವೆ!

ಮಗಳ ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ, ಸಂತೋಷಪಡಿ. ಜೊತೆಗೆ ಮೂರು ತಿಂಗಳಿಗೊಮ್ಮೆ ಆ ಪ್ರಶ್ನೆಯನ್ನೂ ಕೇಳುತ್ತಿರಿ. ಯಾರದೋ ಮನೆಯ ತಂದೆಯೋ ತಾಯಿಯೋ ಬದುಕುಳಿಯುವುದು ಅವಳ ಕೈಗಳ ನೆನಪಿನಿಂದ.