ವಾಚಿಗೆ ಇನ್ನೊಂದು ವರ್ಷದ ವಾರಂಟಿ: ಕೊಡ್ಲೋ, ಬ್ಯಾಡೋ?

ಭಾನುವಾರ ಮಧ್ಯಾಹ್ನ ತಂಗಿ ಫೋನ್ ಮಾಡಿದ್ದಳು. ಹಗರಿಬೊಮ್ಮನಹಳ್ಳಿಯ ಮೊಬೈಲ್ ಅಂಗಡಿಯೊಂದರ ಕೌಂಟರ್ ಮುಂದೆ ನಿಂತುಕೊಂಡೇ ಮಾತಾಡ್ತಿದ್ದಳು. "ಅಣ್ಣಾ, ಅಪ್ಪಗ ಸ್ಮಾರ್ಟ್ ವಾಚ್ ತಗೊಳ್ಳಾಕ ಬಂದೀನಿ. 25,000 ರೂಪಾಯಿ. ಇನ್ನೊಂದು 2,500 ಕೊಟ್ರೆ ಎರಡನೇ ವರ್ಷಕ್ಕೂ ವಾರಂಟಿ ಕೊಡ್ತೀವಿ ಅಂತಾರ. ಕೊಡ್ಲೋ ಬ್ಯಾಡೋ? ಲಗೂನ ಹೇಳು, ಬಿಲ್ ಹಾಕಾಕತ್ತಾರ."

ಈ "ಲಗೂನ ಹೇಳು" ಇದೆಯಲ್ಲ, ಇಡೀ ವ್ಯಾಪಾರ ನಿಂತಿರೋದೇ ಅದರ ಮೇಲೆ. 25,000 ಖರ್ಚು ಮಾಡೋಕೆ ನಾವು ಎರಡು ತಿಂಗಳು ಯೋಚನೆ ಮಾಡ್ತೀವಿ. ನಾಲ್ಕು ಅಂಗಡಿ ತಿರುಗ್ತೀವಿ, ಹತ್ತು ವಿಡಿಯೋ ನೋಡ್ತೀವಿ. ಅದರ ಹಿಂದೆಯೇ ಬರುವ 2,500ಕ್ಕೆ ನಮಗೆ ಸಿಗೋದು ಎರಡು ನಿಮಿಷ. ದೊಡ್ಡ ಮೊತ್ತಕ್ಕೆ ಮನಸ್ಸು ಒಪ್ಪಿಬಿಟ್ಟಿರುತ್ತೆ, ಅದರ ಪಕ್ಕದಲ್ಲಿ ಇದು ಚಿಲ್ಲರೆ ಹಾಗೆ ಕಾಣುತ್ತೆ. ಅದೇ 2,500 ರೂಪಾಯಿಯನ್ನು ಬೇರೆ ದಿನ ಬೇರೆ ಅಂಗಡಿಯಲ್ಲಿ ಕೇಳಿದ್ರೆ ನೀವು ಕೊಡ್ತಿದ್ರಾ? ಅಂಗಡಿಯ ಹುಡುಗನದ್ದೂ ತಪ್ಪಿಲ್ಲ ಬಿಡಿ. ಅದನ್ನು ಮಾರೋದು ಅವನ ಕೆಲಸ.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ ಅಂತಲೇ ಇವತ್ತು ಈ ವಿಷಯ ಎತ್ತಿಕೊಂಡಿದ್ದೇನೆ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಯಾವ ಬಸ್ ಸ್ಟ್ಯಾಂಡಿನಲ್ಲಿ ಇಳಿದರೂ ಈಗ ಹುಡುಗರ ಕೈಯಲ್ಲಿ, ಮೇಷ್ಟ್ರ ಕೈಯಲ್ಲಿ, ಬಸ್ ಕಂಡಕ್ಟರ್ ಕೈಯಲ್ಲಿ ಸ್ಮಾರ್ಟ್ ವಾಚ್ ಕಾಣುತ್ತೆ. ಊರಲ್ಲಿ ಒಂಟಿಯಾಗಿರೋ ಅಪ್ಪ ಅಮ್ಮನ ಕೈಗೆ ಅದನ್ನು ಕಟ್ಟಿ, ಬೆಂಗಳೂರಿನಲ್ಲಿ ಕೂತು ಧೈರ್ಯ ತಂದುಕೊಳ್ಳುವ ಮಕ್ಕಳೂ ಕಮ್ಮಿ ಇಲ್ಲ. ನಾನೂ ಅವರಲ್ಲಿ ಒಬ್ಬ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಅಂಗಡಿಯಲ್ಲಿ "ವಾರಂಟಿ" ಅಂತ ಒಂದೇ ಪದ ಹೇಳ್ತಾರೆ. ಆದರೆ ಅದರೊಳಗೆ ಮೂರು ಬೇರೆ ಬೇರೆ ವಸ್ತು ಇವೆ. ಒಂದು, ತಯಾರಕ ಕಂಪನಿಯೇ ಕೊಡುವ ಮೊದಲ ವಾರಂಟಿ. ವಾಚಿಗೆ ಸಾಮಾನ್ಯವಾಗಿ ಒಂದು ವರ್ಷ. ಅದರ ಬೆಲೆ ವಾಚಿನ ಬೆಲೆಯಲ್ಲೇ ಸೇರಿದೆ. ಎರಡು, ಎಕ್ಸ್‌ಟೆಂಡೆಡ್ ವಾರಂಟಿ. ಮೊದಲ ವರ್ಷ ಮುಗಿದ ಮೇಲೆ, ಅದೇ ಬಗೆಯ ದೋಷಗಳಿಗೆ, ಅಂದರೆ ತಯಾರಿಕೆಯ ದೋಷಕ್ಕೆ ಮಾತ್ರ ಅವಧಿ ಮುಂದುವರಿಸುತ್ತೆ. ಮೂರು, ಆಕ್ಸಿಡೆಂಟಲ್ ಡ್ಯಾಮೇಜ್ ಪ್ಲ್ಯಾನ್. ಬಿದ್ದು ಗಾಜು ಒಡೆದರೆ, ನೀರು ಹೋದರೆ ಕೊಡುವ ರಕ್ಷಣೆ. ಇದು ವಿಮೆಯ ಜಾತಿಗೆ ಸೇರಿದ್ದು. ತುಂಬಾ ಜನ ಎರಡನೆಯದನ್ನು ಕೊಂಡು, ಮೂರನೆಯದು ಸಿಕ್ಕಿದೆ ಅಂದುಕೊಂಡು ಮನೆಗೆ ಹೋಗ್ತಾರೆ. ಜಗಳ ಶುರುವಾಗೋದು ಅಲ್ಲಿಂದಲೇ.

ಎಂಜಿನಿಯರಿಂಗ್ ಓದುವಾಗ ನಮಗೆ ಒಂದು ರೇಖೆ ಹೇಳಿಕೊಡ್ತಿದ್ರು. ಅದಕ್ಕೆ ಬಾತ್‌ಟಬ್ ಕರ್ವ್ ಅಂತಾರೆ, ಸ್ನಾನದ ತೊಟ್ಟಿಯ ಆಕಾರದ ಗೆರೆ. ಯಾವುದೇ ಯಂತ್ರ ಹೊಸತರಲ್ಲಿ ಕೆಡುವ ಸಾಧ್ಯತೆ ಹೆಚ್ಚು, ಯಾಕಂದ್ರೆ ಕೆಟ್ಟ ಬೆಸುಗೆ, ಕೆಟ್ಟ ಬಿಡಿಭಾಗ ಇದ್ದರೆ ಅದು ಬೇಗ ಬಯಲಿಗೆ ಬರುತ್ತೆ. ಆಮೇಲೆ ಕೆಲವು ಕಾಲ ಗೆರೆ ಚಪ್ಪಟೆ, ಕೆಡೋದು ಅಪರೂಪ. ಕೊನೆಗೆ ಸವೆತ ಶುರುವಾಗಿ ಗೆರೆ ಮತ್ತೆ ಏರುತ್ತೆ. ಇದನ್ನು ನಮ್ಮ ಕಡೆಯ ರೈತರಿಗೆ ಹೇಳಿಕೊಡಬೇಕಿಲ್ಲ. ಬೋರ್‌ವೆಲ್‌ಗೆ ಇಳಿಸಿದ ಹೊಸ ಮೋಟರು ಮೊದಲ ಹಂಗಾಮು ದಾಟಿತು ಅಂದ್ರೆ, ಕೆಲವು ವರ್ಷ ಓಡುತ್ತೆ ಅಂತ ಅವರಿಗೆ ಗೊತ್ತು.

ಈಗ ಈ ಗೆರೆಯನ್ನು ವಾರಂಟಿ ಪಕ್ಕದಲ್ಲಿಡಿ. ಹೊಸತರಲ್ಲಿ ಕೆಡುವ ಕಾಲ ಕಂಪನಿಯ ಪುಕ್ಕಟೆ ವರ್ಷದೊಳಗೆ ಬಂತು. ನೀವು ದುಡ್ಡು ಕೊಟ್ಟು ಕೊಳ್ಳುವ ಎರಡನೇ ವರ್ಷ ಬೀಳೋದು ಬಹುಪಾಲು ಚಪ್ಪಟೆ ಜಾಗದಲ್ಲಿ. ಇನ್ನು ಸವೆತದ ಕಾಲ ಬಂದಾಗ ಮೊದಲು ಸೋಲೋದು ಬ್ಯಾಟರಿ. ಲಿಥಿಯಂ ಅಯಾನ್ ಬ್ಯಾಟರಿ ಪ್ರತಿ ಚಾರ್ಜಿಗೂ ಸ್ವಲ್ಪ ಸ್ವಲ್ಪ ಶಕ್ತಿ ಕಳೆದುಕೊಳ್ಳುತ್ತೆ. ಬಿಸಿಲು ಹೆಚ್ಚಾದಷ್ಟೂ ಬೇಗ ಕಳೆದುಕೊಳ್ಳುತ್ತೆ. ಆಪಲ್ ತನ್ನ ವಾಚನ್ನು ಬಳಸಲು ಹೇಳಿರುವ ಉಷ್ಣಾಂಶದ ಮಿತಿ 35 ಡಿಗ್ರಿ ಸೆಲ್ಸಿಯಸ್. ನಮ್ಮ ಏಪ್ರಿಲ್ ಹೇಗಿರುತ್ತೆ ಅಂತ ನಿಮಗೆ ಗೊತ್ತು. ಆದರೆ ಬಹಳಷ್ಟು ಎಕ್ಸ್‌ಟೆಂಡೆಡ್ ವಾರಂಟಿ ಪತ್ರಗಳಲ್ಲಿ "ಸಹಜ ಸವೆತ ಸೇರಿಲ್ಲ, ಬ್ಯಾಟರಿ ಸೇರಿಲ್ಲ, ಸ್ಟ್ರಾಪ್ ಸೇರಿಲ್ಲ" ಅಂತ ಬರೆದಿರುತ್ತೆ. ಅಂದರೆ ಯಾವುದು ಖಂಡಿತ ಸವೆಯುತ್ತೋ ಅದೇ ಪಟ್ಟಿಯಿಂದ ಹೊರಗೆ.

ನೀರಿನ ವಿಷಯವೂ ಹಾಗೇ. ಡಬ್ಬದ ಮೇಲೆ ಐಪಿ 68 ಅಥವಾ 5 ಎಟಿಎಂ ಅಂತ ಇರುತ್ತೆ. ಆ ಪರೀಕ್ಷೆ ಮಾಡೋದು ಹೊಸ ವಾಚಿಗೆ, ಪ್ರಯೋಗಾಲಯದ ಸಿಹಿನೀರಿನಲ್ಲಿ. ಬಿಸಿನೀರು, ಸೋಪು, ಬೆವರು, ಒಮ್ಮೆ ಕಲ್ಲಿಗೆ ಬಡಿದ ಏಟು, ಇವೆಲ್ಲ ಒಳಗಿನ ಸೀಲನ್ನು ಸಡಿಲ ಮಾಡ್ತಾ ಹೋಗುತ್ತವೆ. ನೀರು ತಡೆಯುವ ಶಕ್ತಿ ಶಾಶ್ವತ ಅಲ್ಲ ಅಂತ ಕಂಪನಿಗಳೇ ಒಪ್ಪಿಕೊಳ್ಳುತ್ತವೆ. ಹಡಗಲಿಯಲ್ಲಿ ಬೆಳಗಿನ ಇಬ್ಬನಿಯಲ್ಲಿ ಮಲ್ಲಿಗೆ ಬಿಡಿಸುವವರ ಕೈ, ಕೂಡ್ಲಿಗಿ ಹೊಲದ ಧೂಳಿನಲ್ಲಿ ಶೇಂಗಾ ಕೀಳುವವರ ಕೈ, ಇವು ಪ್ರಯೋಗಾಲಯದ ಕೈ ಅಲ್ಲ.

ಇನ್ನು ಲೆಕ್ಕ. 25,000ದ ವಾಚಿಗೆ 2,500 ವಾರಂಟಿ. ವಾಚು ಪೂರ್ತಿ ಹೋಗಿ, ಪೂರ್ತಿ ಬೆಲೆ ವಾಪಸ್ ಕೊಡ್ತಾರೆ ಅಂದುಕೊಂಡರೂ, ಇಂಥ ಹತ್ತು ವಾಚುಗಳಲ್ಲಿ ಒಂದು ಎರಡನೇ ವರ್ಷದಲ್ಲಿ ಹಾಳಾದರೆ ಮಾತ್ರ ಕೊಂಡವರಿಗೆ ಲೆಕ್ಕ ಸರಿಹೋಗುತ್ತೆ. ಆದರೆ ಎಷ್ಟೋ ಪ್ಲ್ಯಾನುಗಳು ಪೂರ್ತಿ ಬೆಲೆ ಕೊಡಲ್ಲ, ಸವಕಳಿ ಕಳೆದು ಕೊಡುತ್ತವೆ. ಅರ್ಧ ಕಳೆದರೆ ಕೈಗೆ ಬರೋದು 12,500. ಆಗ ಐದು ವಾಚಿಗೆ ಒಂದು ಹಾಳಾಗಬೇಕು. ಐದಕ್ಕೆ ಒಂದು ಕೆಡುವ ವಾಚಾದರೆ ಅದಕ್ಕೆ ವಾರಂಟಿ ಯಾಕೆ, ಆ ವಾಚೇ ಬೇಡ! ಇದರ ಮೇಲೆ ಅಂಗಡಿಯ ಕಮಿಷನ್, ತೆರಿಗೆ, ಪ್ಲ್ಯಾನ್ ಕಂಪನಿಯ ಲಾಭ ಎಲ್ಲ ಆ 2,500ರಲ್ಲೇ ಹುಟ್ಟಬೇಕು. ಮೈಲಾರದಲ್ಲಿ ಗೊರವಯ್ಯ ಬಿಲ್ಲು ಏರಿ ಒಂದೇ ಸಾಲಿನ ಕಾರಣಿಕ ನುಡಿದರೆ ನಾವು ವರ್ಷದ ಮಳೆಬೆಳೆಯ ಅರ್ಥ ಹುಡುಕ್ತೀವಿ. ನಿಮ್ಮ ವಾಚು ಯಾವಾಗ ಕೆಡುತ್ತೆ ಅಂತ ಯಾರೂ ನುಡಿಯಲ್ಲ. ಆದರೆ ಸಾವಿರಾರು ವಾಚುಗಳಲ್ಲಿ ಎಷ್ಟು ಕೆಡುತ್ತವೆ ಅನ್ನೋ ಲೆಕ್ಕ ಮಾರುವವರ ಹತ್ತಿರ ಇರುತ್ತೆ. ಬೆಲೆ ಕಟ್ಟಿರೋದು ಆ ಲೆಕ್ಕ ನೋಡಿಯೇ.

ಹಾಗಾದ್ರೆ ವಾರಂಟಿ ಕೊಳ್ಳೋದು ಯಾವಾಗಲೂ ದಡ್ಡತನವಾ? ಇಲ್ಲ. ನನ್ನ ಅನುಭವ ಹೇಳ್ತೀನಿ, ಆಮೇಲೆ ನೀವೇ ತೀರ್ಮಾನ ಮಾಡಿ.

ಅಪ್ಪ ಕೊಟ್ಟೂರಲ್ಲಿ ಒಬ್ಬರೇ ಇರ್ತಾರೆ. ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಬೆಳಗ್ಗೆ ಐದಕ್ಕೇ ಹೊಲಕ್ಕೆ ಹೋಗುವ ಚಟ ಬಿಟ್ಟಿಲ್ಲ. ಬಿದ್ದರೆ ತಾನೇ ಗುರುತಿಸಿ ಫೋನಿಗೆ ಹೇಳುವ ವಾಚೊಂದನ್ನು ನಾನೇ ಕೊಡಿಸಿದ್ದೆ. ಆಗ ಎರಡು ಮಾತಿಲ್ಲದೆ ಎಕ್ಸ್‌ಟೆಂಡೆಡ್ ವಾರಂಟಿಗೂ ದುಡ್ಡು ಕಟ್ಟಿದ್ದೆ, ಪತ್ರ ಓದಲಿಲ್ಲ. ಟಿವಿಯಲ್ಲಿ ಕೂತು ಊರಿಗೆಲ್ಲ "ಷರತ್ತು ಓದಿ" ಅಂತ ಹೇಳುವ ನಾನು ಓದಲಿಲ್ಲ. ಹದಿನಾರನೇ ತಿಂಗಳಿಗೆ ಪರದೆ ಕಪ್ಪಾಯಿತು. ಸರ್ವಿಸ್ ಸೆಂಟರ್ ಇರೋದು ಹೊಸಪೇಟೆಯಲ್ಲಿ. ಅಲ್ಲಿಂದ ಅದು ಬೆಂಗಳೂರಿಗೆ ಹೋಯಿತು. 26 ದಿನ ಆದ ಮೇಲೆ ಉತ್ತರ ಬಂತು: ಒಳಗೆ ತೇವದ ಗುರುತು ಇದೆ, ಕ್ಲೇಮ್ ಆಗಲ್ಲ.

ದುಡ್ಡು ಹೋದದ್ದಕ್ಕೆ ಬೇಜಾರಿಲ್ಲ. ಆ 26 ದಿನಗಳ ನಡುವೆ ಒಂದು ಬೆಳಗ್ಗೆ ಅಪ್ಪ ಬದುವಿನ ಮೇಲೆ ತಲೆ ತಿರುಗಿ ಕೂತುಬಿಟ್ಟಿದ್ದರು. ಪಕ್ಕದ ಹೊಲದವರು ನೋಡಿ ಮನೆಗೆ ಕರೆತರುವಷ್ಟರಲ್ಲಿ ಎರಡು ಗಂಟೆ ದಾಟಿತ್ತು. ಏನೂ ಆಗಲಿಲ್ಲ, ಪುಣ್ಯ. ಸಂಜೆ ಫೋನಿನಲ್ಲಿ ಕೇಳಿದರೆ, "ವಾಚ್ ಇದ್ದಿದ್ರ ನಿನಗ ಸುಮ್ನ ಗಾಬರಿ ಆಗ್ತಿತ್ತು, ಬಿಡಪ" ಅಂದರು. ನಾನು ಕೊಂಡಿದ್ದ ವಾರಂಟಿ, ಒಂದು ವೇಳೆ ಪೂರ್ತಿ ದುಡ್ಡು ಕೊಟ್ಟಿದ್ದರೂ, ಆ ಬೆಳಗ್ಗೆ ಉಪಯೋಗಕ್ಕೆ ಬರ್ತಿರಲಿಲ್ಲ. ನನಗೆ ಬೇಕಿದ್ದದ್ದು ಅಪ್ಪನ ಕೈ ಖಾಲಿ ಇರಬಾರದು ಅನ್ನೋದು. ನಾನು ಕೊಂಡಿದ್ದು ಬರೀ ಒಂದು ರಿಪೇರಿ ಭರವಸೆ.

ಅದಕ್ಕೇ ತಂಗಿಗೆ ಹೇಳಿದೆ, "ಬಿಲ್ ನಿಲ್ಸು. ಪ್ಲ್ಯಾನಿನ ಕಾಗದ ಇಸ್ಕೊಂಡು ನಾಲ್ಕು ಉತ್ತರ ಓದಿ ಹೇಳು." ನೀವೂ ಇದೇ ನಾಲ್ಕು ಕೇಳಿ.

ಒಂದು, ನೀರು ಹೋದರೆ, ಬಿದ್ದು ಒಡೆದರೆ ಸೇರಿದೆಯಾ? ಬ್ಯಾಟರಿ ಸೇರಿದೆಯಾ? ಎರಡು, ಕೆಟ್ಟರೆ ಕೊಡೋದು ಎಷ್ಟು: ಪೂರ್ತಿ ರಿಪೇರಿಯಾ, ಸವಕಳಿ ಕಳೆದ ದುಡ್ಡಾ, ಪ್ರತಿ ಸಲ ಸೇವಾ ಶುಲ್ಕ ಬೇರೆ ಇದೆಯಾ? ಮೂರು, ಹೊಣೆ ಯಾರದು: ವಾಚ್ ಮಾಡಿದ ಕಂಪನಿಯದಾ, ಅಂಗಡಿಯದಾ, ಹೆಸರೇ ಕೇಳದ ಮೂರನೆಯವರದಾ? ನಾಲ್ಕು, ವಾಚನ್ನು ಎಲ್ಲಿ ಕೊಡಬೇಕು, ಎಷ್ಟು ದಿನದಲ್ಲಿ ವಾಪಸ್ ಬರುತ್ತೆ, ಅಲ್ಲಿಯವರೆಗೆ ಬದಲಿ ಕೊಡ್ತಾರಾ? ಹರಪನಹಳ್ಳಿಯವರು ದಾವಣಗೆರೆಗೆ, ಹಡಗಲಿಯವರು ಹೊಸಪೇಟೆಗೆ ಎರಡು ಮೂರು ಸಲ ಓಡಾಡಿದರೆ ಬಸ್ ಚಾರ್ಜ್, ಹೋದ ಕೂಲಿ, ಇವೂ ಲೆಕ್ಕಕ್ಕೆ ಬರಬೇಕು.

ನಾಲ್ಕಕ್ಕೂ ಒಳ್ಳೆಯ ಉತ್ತರ ಬಂದರೆ, ವಾಚು ದುಬಾರಿಯದ್ದಾಗಿದ್ದು ಹೋದರೆ ಇನ್ನೊಂದು ಕೊಳ್ಳುವ ಶಕ್ತಿ ಇಲ್ಲದಿದ್ದರೆ, ಕೈ ಸದಾ ನೀರು ಧೂಳಿನಲ್ಲೇ ಇರುವ ಕೆಲಸವಾದರೆ, ಅಂಥವರು ಪ್ಲ್ಯಾನ್ ಕೊಳ್ಳಲಿ. ಅದೂ ಆಕಸ್ಮಿಕ ಹಾನಿ ಸೇರಿದ, ತಯಾರಕರದ್ದೇ ಪ್ಲ್ಯಾನ್. ಎರಡು ಸಾವಿರದ ವಾಚಿಗೆ 500 ರೂಪಾಯಿ ವಾರಂಟಿ ಅಂದರೆ, ಕಣ್ಣು ಮುಚ್ಚಿ ಬೇಡ ಅನ್ನಿ.

ಬೇಡ ಅಂದರೂ ನೀವು ಅನಾಥರಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಇದೆ, 2020ರ ಜುಲೈನಿಂದ ಜಾರಿಯಲ್ಲಿದೆ. ದೋಷವಿರುವ ವಸ್ತುವನ್ನು ವಾಪಸ್ ಪಡೆಯಲು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ನಿರಾಕರಿಸೋದು ಅನುಚಿತ ವ್ಯಾಪಾರ ಪದ್ಧತಿ ಅಂತ ಕಾಯ್ದೆಯೇ ಹೇಳುತ್ತೆ. ಬಿಲ್ ಕೊಡದಿರೋದೂ ಅದೇ ಪಟ್ಟಿಯಲ್ಲಿದೆ. ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕಂಪನಿ ಎಲ್ಲೇ ಇರಲಿ, ನೀವು ವಾಸ ಮಾಡುವ ಜಾಗದ ವ್ಯಾಪ್ತಿಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ದೂರು ಕೊಡಲು ಎರಡು ವರ್ಷ ಅವಕಾಶ.

ಆನ್‌ಲೈನಿನಲ್ಲಿ ಕೊಳ್ಳುವವರು ಇನ್ನೊಂದು ನೋಡಬೇಕು. ನೀವು ಕೇಳದೇ ಕಾರ್ಟಿಗೆ ವಾರಂಟಿ ಸೇರಿಕೊಂಡಿದ್ದರೆ, ಅಥವಾ "ಬೇಡ, ನನ್ನ ವಾಚಿಗೆ ರಕ್ಷಣೆ ಬೇಕಾಗಿಲ್ಲ" ಅಂತ ನಾಚಿಕೆಪಡಿಸುವ ಬಟನ್ ಒತ್ತಿಸಿದರೆ, ಅವೆರಡೂ 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನಿಷೇಧಿಸಿದ 13 ಬಗೆಯ ಡಾರ್ಕ್ ಪ್ಯಾಟರ್ನ್‌ಗಳಲ್ಲಿ ಇವೆ. ಬ್ರಿಟನ್ನಿನಲ್ಲಿ 2005ರಿಂದಲೇ ಇನ್ನೊಂದು ನಿಯಮ ಇದೆ. ಎಲೆಕ್ಟ್ರಿಕ್ ಸಾಮಾನಿನ ಜೊತೆ ಎಕ್ಸ್‌ಟೆಂಡೆಡ್ ವಾರಂಟಿ ಮಾರುವ ಅಂಗಡಿ ಅದರ ಬೆಲೆಯನ್ನು ಸಾಮಾನಿನ ಬೆಲೆಯ ಜೊತೆಗೇ ತೋರಿಸಬೇಕು. ಕೊಂಡವರಿಗೆ ಮನಸ್ಸು ಬದಲಿಸಿ ರದ್ದು ಮಾಡಲು 45 ದಿನ ಇರುತ್ತೆ. ಕೌಂಟರಿನ ಎರಡು ನಿಮಿಷದ ಒತ್ತಡಕ್ಕೆ ಅದು ಒಳ್ಳೆಯ ಮದ್ದು. ಅಂಥದ್ದು ನಮ್ಮಲ್ಲೂ ಬರಬೇಕು ಅನ್ನೋದು ನನ್ನ ಒತ್ತಾಯ.

ಒಂದು ಸಣ್ಣ ವಿಷಯ, ಆದರೆ ದೊಡ್ಡದು. ಅಂಗಡಿಯ ನುಣುಪು ಕಾಗದದ ಬಿಲ್ ನಮ್ಮ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಬಿಳಿ ಹಾಳೆ ಆಗುತ್ತೆ. ಅವತ್ತೇ ಫೋಟೋ ತೆಗೆದಿಡಿ. ವಾಚಿನ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಇದೆಯಾ ನೋಡಿ.

ತಂಗಿ ಓದಿದ ಕಾಗದದಲ್ಲಿ ನೀರಿಲ್ಲ, ಬ್ಯಾಟರಿ ಇಲ್ಲ, ಬದಲಿ ವಾಚಿಲ್ಲ. "ಹಂಗಾದ್ರ ಏನೈತಿ ಇದರಾಗ?" ಅಂತ ಅವಳೇ ಅಂಗಡಿಯವನನ್ನು ಕೇಳಿದಳು. ಅವನು ನಕ್ಕ. ವಾಚು ಮಾತ್ರ ಕೊಂಡು ಬಂದಳು. ಉಳಿದ 2,500 ರೂಪಾಯಿಯಲ್ಲಿ ಅಪ್ಪನ ಜೇಬಿಗೆ ಒಂದು ಕೀಪ್ಯಾಡ್ ಫೋನ್ ಬಂತು. ಒಂದನೇ ನಂಬರ್ ಒತ್ತಿ ಹಿಡಿದರೆ ಪಕ್ಕದ ಮನೆಗೆ, ಎರಡು ಒತ್ತಿದರೆ ತಂಗಿಗೆ ಹೋಗುತ್ತೆ. 108 ನಂಬರ್ ದೊಡ್ಡ ಅಕ್ಷರದಲ್ಲಿ ಹಿಂದೆ ಅಂಟಿಸಿದ್ದೇವೆ. ಮಿಕ್ಕ ದುಡ್ಡು ರಿಪೇರಿಗೆ ಅಂತ ಡಬ್ಬಿಯಲ್ಲಿದೆ. ಪಕ್ಕದ ಹೊಲದವರ ಜೊತೆ ಒಂದು ಒಪ್ಪಂದವೂ ಆಗಿದೆ: ಬೆಳಗ್ಗೆ ಏಳಕ್ಕೆ ಅಪ್ಪ ಬದುವಿನ ಮೇಲೆ ಕಾಣದಿದ್ದರೆ ಅವರು ಕೂಗಿ ಕರೀತಾರೆ, ಅಪ್ಪ ಓಗೊಡದಿದ್ದರೆ ನನಗೆ ಫೋನ್ ಮಾಡ್ತಾರೆ.

ವಾಚು ಕೆಡಬಹುದು, ಕೆಡದೇ ಇರಬಹುದು. ವಾರಂಟಿ ಕೊಳ್ಳುವ ಮುಂಚೆ, ಅದು ಕೆಟ್ಟ ದಿನ ನಿಮಗೆ ನಿಜವಾಗಿ ಬೇಕಾಗೋದು ಏನು ಅಂತ ಒಮ್ಮೆ ಕೇಳಿಕೊಳ್ಳಿ. ಆ ಕಾಗದದಲ್ಲಿ ಅದು ಬರೆದಿದ್ದರೆ ದುಡ್ಡು ಕೊಡಿ. ಇಲ್ಲದಿದ್ದರೆ, "ಬಿಲ್ ಹಾಕ್ರಿ, ವಾಚ್ ಒಂದ ಸಾಕು" ಅಂತ ಹೇಳಿ ಬನ್ನಿ.