ಸ್ಟಾರ್ಟ್ ಆಗದ ದೋಣಿ ಎಂಜಿನ್: ನಂಬಿಕೆ ಎಲ್ಲಿ ದಾರಿ ತಪ್ಪುತ್ತದೆ

ಕರಾವಳಿಯ ನಾಡದೋಣಿಗಳಿಗೆ ಕಟ್ಟಿದ ಔಟ್‌ಬೋರ್ಡ್ ಎಂಜಿನ್ ಬೆಳಗಿನ ಜಾವ ಸ್ಟಾರ್ಟ್ ಆಗದಿದ್ದರೆ ದಡದಲ್ಲಿ ಕೇಳಿಬರುವ ಮಾತುಗಳು ಹೆಚ್ಚುಕಮ್ಮಿ ಒಂದೇ: ಚೋಕ್ ಪೂರ್ತಿ ಎಳಿ, ಹಗ್ಗ ಇನ್ನೂ ಜೋರಾಗಿ ಎಳಿ, ಪ್ಲಗ್ ಬದಲಿಸು, ಸೀಮೆಎಣ್ಣೆ ಕಲಬೆರಕೆ ಇರಬೇಕು, ಅದೂ ಅಲ್ಲದಿದ್ದರೆ ಎಂಜಿನ್ನೇ ಹೋಗಿದೆ. ಇವುಗಳಲ್ಲಿ ಯಾವುದನ್ನೂ ಬರೀ ಸುಳ್ಳೆಂದು ತಳ್ಳಿಹಾಕುವಂತಿಲ್ಲ, ಏಕೆಂದರೆ ಒಂದಲ್ಲ ಒಂದು ಸಲ ಇವು ಫಲ ಕೊಟ್ಟಿರುತ್ತವೆ. ತೊಡಕಿರುವುದೂ ಅಲ್ಲಿಯೇ. ಫಲ ಬಂದದ್ದು ಬೇರೆ ಕಾರಣಕ್ಕೆ, ಹೆಸರು ಬಂದದ್ದು ಮಾಡಿದ ಉಪಾಯಕ್ಕೆ. ನಿಜವಾದ ದೋಷ ಹಾಗೆಯೇ ಉಳಿದು, ಮುಂದಿನ ಸಲ ನಡುಗಡಲಿನಲ್ಲಿ ಕಾಣಿಸಿಕೊಳ್ಳುತ್ತದೆ.

ಎಂಜಿನ್ನೇ ಹೋಗಿದೆ ಎಂಬ ಮಾತನ್ನೇ ಮೊದಲು ನೋಡೋಣ. ಇಂಥ ಎಂಜಿನ್ ಹೊತ್ತಿಕೊಳ್ಳಲು ಬೇಕಾದದ್ದು ಮೂರು: ಗಾಳಿಯೊಡನೆ ಸರಿಯಾಗಿ ಬೆರೆತ ಇಂಧನದ ಆವಿ, ಹೊತ್ತಿಗೆ ಸರಿಯಾಗಿ ಬೀಳುವ ಕಿಡಿ, ಸಿಲಿಂಡರಿನೊಳಗೆ ಸಾಕಷ್ಟು ಒತ್ತಡ. ಒತ್ತಡ ಕುಸಿಯುವುದು ಪಿಸ್ಟನ್, ರಿಂಗ್, ಸಿಲಿಂಡರ್ ಸವೆದಾಗ. ಆ ಸವೆತ ಸಾಮಾನ್ಯವಾಗಿ ತಿಂಗಳುಗಟ್ಟಲೆ ಮುನ್ಸೂಚನೆ ಕೊಡುತ್ತದೆ: ಎಳೆತ ಕಡಿಮೆಯಾಗುತ್ತದೆ, ಹಗ್ಗ ಎಳೆಯುವಾಗ ಕೈಗೆ ತಡೆ ಸಿಗುವುದಿಲ್ಲ. ನಿನ್ನೆ ಸಂಜೆ ಚೆನ್ನಾಗಿ ಓಡಿದ ಎಂಜಿನ್ ಇವತ್ತು ಬೆಳಿಗ್ಗೆ ಮಾತು ಕೇಳುತ್ತಿಲ್ಲವೆಂದರೆ ರಾತ್ರಿ ಪಿಸ್ಟನ್ ಸವೆದಿರಲಾರದು. ರಾತ್ರೋರಾತ್ರಿ ಬದಲಾಗಬಲ್ಲದ್ದು ಇಂಧನದ ದಾರಿ ಅಥವಾ ಕಿಡಿಯ ದಾರಿ. ಹುಡುಕಾಟ ಅಲ್ಲಿಂದಲೇ ಶುರುವಾಗಬೇಕು.

ನಮ್ಮ ಕರಾವಳಿಯ ಮಟ್ಟಿಗೆ ಇಂಧನದ ಕಥೆಯಲ್ಲಿ ವಿಶೇಷವೊಂದಿದೆ. ಇಲ್ಲಿನ ಬಹಳಷ್ಟು ನಾಡದೋಣಿಗಳ ಎಂಜಿನ್ ಓಡುವುದು ಸೀಮೆಎಣ್ಣೆಯಲ್ಲಿ, ಆದರೆ ಸ್ಟಾರ್ಟ್ ಆಗುವುದು ಪೆಟ್ರೋಲಿನಲ್ಲಿ. ಪೆಟ್ರೋಲ್ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಾಗಿದರೆ ಹೊತ್ತುವಷ್ಟು ಆವಿಯಾಗುತ್ತದೆ. ಸೀಮೆಎಣ್ಣೆಗೆ ಅದೇ ಕೆಲಸಕ್ಕೆ 35ರಿಂದ 40 ಡಿಗ್ರಿ ಅಥವಾ ಅದಕ್ಕೂ ಹೆಚ್ಚಿನ ಬಿಸಿ ಬೇಕು. ಬೆಳಗಿನ ಜಾವ ಕಡಲ ದಂಡೆಯಲ್ಲಿ ತಣ್ಣಗೆ ನಿಂತ ಕಾರ್ಬುರೇಟರಿನಲ್ಲಿ 25 ಡಿಗ್ರಿಯ ಆಸುಪಾಸಿನ ಸೀಮೆಎಣ್ಣೆ ತುಂಬಿಕೊಂಡಿದ್ದರೆ, ಅದು ಎಷ್ಟೇ ಶುದ್ಧವಾಗಿರಲಿ, ಕಿಡಿ ಎಷ್ಟೇ ಬಲವಾಗಿರಲಿ, ಹೊತ್ತಿಕೊಳ್ಳುವಷ್ಟು ಆವಿ ಹುಟ್ಟುವುದಿಲ್ಲ. ಆದ್ದರಿಂದ ದಡಕ್ಕೆ ಬರುವಾಗ, ಎಂಜಿನ್ ನಿಲ್ಲಿಸುವ ಕೆಲವು ನಿಮಿಷ ಮೊದಲೇ ಇಂಧನದ ಕಾಕ್ ತಿರುಗಿಸಿ ಪೆಟ್ರೋಲಿಗೆ ಹಾಕಬೇಕು; ಪೈಪು ಮತ್ತು ಕಾರ್ಬುರೇಟರಿನ ಬಟ್ಟಲಿನಲ್ಲಿರುವ ಸೀಮೆಎಣ್ಣೆ ಉರಿದು ಮುಗಿಯಬೇಕು. ಹಿಂದಿನ ದಿನ ಆ ಕೆಲಸ ಬಿಟ್ಟುಹೋಗಿದ್ದರೆ ಬೆಳಿಗ್ಗೆ ಕಾಕ್ ಪೆಟ್ರೋಲಿನ ಕಡೆಗಿದ್ದರೂ ಬಟ್ಟಲಿನಲ್ಲಿರುವುದು ಸೀಮೆಎಣ್ಣೆಯೇ. ಆಗ ಮಾಡಬೇಕಾದದ್ದು ಇಷ್ಟು: ಬಟ್ಟಲಿನ ತಳದ ಸ್ಕ್ರೂ ಸಡಿಲಿಸಿ ಒಳಗಿನದನ್ನು ಒಂದು ಡಬ್ಬಿಗೆ ಇಳಿಸಿ, ಹೊಸ ಪೆಟ್ರೋಲ್ ತುಂಬಿಸುವುದು. ಕಲಬೆರಕೆ ಎಂದು ಬೈಸಿಕೊಳ್ಳುವ ಸೀಮೆಎಣ್ಣೆ ಎಷ್ಟೋ ಸಲ ಈ ಬಟ್ಟಲಿನದೇ.

ಕಲಬೆರಕೆ ಇರುವುದೇ ಇಲ್ಲವೆ ಎಂದು ಯಾರಾದರೂ ಕೇಳಿದರೆ, ಇರಬಹುದು. ಆದರೆ ಊಹಿಸುವ ಬದಲು ನೋಡುವುದು ಸುಲಭ. ಬಟ್ಟಲಿನಿಂದ ಇಳಿಸಿದ್ದನ್ನು ಗಾಜಿನ ಬಾಟಲಿಯಲ್ಲಿ ಸ್ವಲ್ಪ ಹೊತ್ತು ಅಲುಗಾಡಿಸದೆ ಇಟ್ಟರೆ, ನೀರಿದ್ದಲ್ಲಿ ಅದು ಕೆಳಗೆ ಬೇರೆ ಪದರವಾಗಿ ನಿಲ್ಲುತ್ತದೆ. ಆ ನೀರು ಬಂಕಿನಿಂದಲೇ ಬರಬೇಕೆಂದಿಲ್ಲ. ಅರ್ಧ ಖಾಲಿ ಟ್ಯಾಂಕಿನೊಳಗೆ ತೇವದ ಗಾಳಿ ತಣಿದು ಹನಿಯಾಗುತ್ತದೆ, ಮಳೆಗಾಲದಲ್ಲಿ ಮುಚ್ಚಳದ ಸಂದಿಯಿಂದಲೂ ಇಳಿಯುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುವುದರಿಂದ ಇನ್ನೊಂದು ಎಚ್ಚರ ಬೇಕು. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ, ನೀರು ಒಂದು ಮಿತಿ ಮೀರಿದೊಡನೆ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಕೂರುತ್ತವೆ. ಎಂಜಿನ್ನಿಗೆ ಇಂಧನ ಹೋಗುವುದು ಟ್ಯಾಂಕಿನ ತಳದಿಂದಲೇ. ತಿಂಗಳುಗಟ್ಟಲೆ ನಿಂತ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಲು ಹೊರಡುವುದು ಸಲ್ಲದು.

ಇನ್ನು ಚೋಕ್ ಮತ್ತು ಪ್ಲಗ್. ಚೋಕ್ ಇರುವುದು ತಣ್ಣಗಿನ ಎಂಜಿನ್ನಿಗೆ ಗಾಳಿ ಕಡಿಮೆ ಮಾಡಿ ಇಂಧನ ಹೆಚ್ಚಿಸಲು. ಆಗತಾನೇ ಓಡಿ ನಿಂತ ಬಿಸಿ ಎಂಜಿನ್ನಿಗೆ ಚೋಕ್ ಎಳೆದು ಹಗ್ಗ ಎಳೆಯುತ್ತ ಹೋದರೆ ಪ್ರತಿ ಎಳೆತಕ್ಕೂ ಸಿಲಿಂಡರಿಗೆ ಹಸಿ ಇಂಧನ ಸೇರುತ್ತದೆ, ಪ್ಲಗ್ ತೊಯ್ಯುತ್ತದೆ, ಕಿಡಿ ಬೀಳುವುದಿಲ್ಲ. ಆ ಹೊತ್ತಿಗೆ ಯಾರೋ ಹೊಸ ಪ್ಲಗ್ ಹಾಕುತ್ತಾರೆ, ಎಂಜಿನ್ ಸದ್ದು ಮಾಡುತ್ತದೆ, ಹಳೆಯ ಪ್ಲಗ್ ಕೆಟ್ಟಿತ್ತೆಂಬ ನಂಬಿಕೆ ಗಟ್ಟಿಯಾಗುತ್ತದೆ. ನಿಜದಲ್ಲಿ ಹೊಸ ಪ್ಲಗ್ ಗೆದ್ದದ್ದು ಅದು ಒಣಗಿತ್ತು ಎಂಬ ಕಾರಣಕ್ಕೆ, ಜೊತೆಗೆ ಅದನ್ನು ಬದಲಿಸುವಷ್ಟರಲ್ಲಿ ಸಿಲಿಂಡರಿನ ಹಸಿಯೂ ಆರಿತ್ತು. ಹಳೆಯದನ್ನೇ ಒರೆಸಿ, ಚೋಕ್ ಪೂರ್ತಿ ತೆಗೆದು, ಥ್ರಾಟಲ್ ತೆರೆದು ಎಳೆದಿದ್ದರೂ ಆಗುತ್ತಿತ್ತು. ಪ್ಲಗ್ಗನ್ನು ಎಸೆಯುವುದಕ್ಕಿಂತ ಓದುವುದು ಮುಖ್ಯ. ಹತ್ತಾರು ಎಳೆತದ ನಂತರವೂ ಪ್ಲಗ್ಗಿನ ತುದಿ ಒಣಗಿದ್ದರೆ ಇಂಧನ ಮೇಲೆ ಬರುತ್ತಿಲ್ಲ. ಒದ್ದೆಯಾಗಿದ್ದರೆ ಇಂಧನ ಬಂದಿದೆ, ಕಿಡಿ ಇಲ್ಲ ಅಥವಾ ಇಂಧನ ಮಿತಿಮೀರಿದೆ. ಹನಿ ಹನಿಯಾಗಿ ನೀರು ಕಂಡರೆ ಮತ್ತೆ ಟ್ಯಾಂಕಿನ ಕಡೆ ಹೋಗಬೇಕು.

ಪ್ಲಗ್ ಒಣಗಿದ್ದಾಗ ನೋಡಬೇಕಾದವು ಬಹಳ ಸಣ್ಣ ಸಂಗತಿಗಳು. ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿಯ ಸ್ಕ್ರೂ ಮುಚ್ಚಿದ್ದರೆ ಇಂಧನ ಖಾಲಿಯಾದ ಜಾಗಕ್ಕೆ ಗಾಳಿ ಬಾರದೆ ಹರಿವು ನಿಲ್ಲುತ್ತದೆ. ಪೈಪಿನ ನಡುವಿನ ರಬ್ಬರ್ ಬಲ್ಬಿನ ಬಾಣದ ಗುರುತು ಎಂಜಿನ್ ಕಡೆಗಿರಬೇಕು, ಒತ್ತುತ್ತ ಹೋದಂತೆ ಅದು ಗಟ್ಟಿಯಾಗಬೇಕು. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಒದ್ದೆಯಿದ್ದೂ ಕಿಡಿ ಇಲ್ಲದಿದ್ದರೆ ಮೊದಲು ನೋಡಬೇಕಾದದ್ದು ಕೈಗೆ ಕಟ್ಟಿಕೊಳ್ಳುವ ಸುರಕ್ಷಾ ದಾರದ ಕ್ಲಿಪ್. ಅದು ಜಾಗದಿಂದ ಸರಿದಿದ್ದರೆ ಕಿಡಿ ಕಡಿದುಹೋಗುತ್ತದೆ, ಅದಕ್ಕೆಂದೇ ಅದನ್ನು ಮಾಡಿರುವುದು. ಹಗ್ಗ ಎಳೆದು ಸ್ಟಾರ್ಟ್ ಮಾಡುವ ಸಾಮಾನ್ಯ ಔಟ್‌ಬೋರ್ಡಿಗೆ ಕಿಡಿ ಕೊಡುವುದು ಬ್ಯಾಟರಿಯಲ್ಲ, ಫ್ಲೈವ್ಹೀಲಿನ ಅಯಸ್ಕಾಂತ ಮತ್ತು ಅದರಡಿಯ ಕಾಯಿಲ್. ಫ್ಲೈವ್ಹೀಲ್ ವೇಗವಾಗಿ ತಿರುಗಿದರೆ ಮಾತ್ರ ಸಾಕಷ್ಟು ವಿದ್ಯುತ್ ಹುಟ್ಟುತ್ತದೆ. ಹಾಗಾಗಿ ಜೋರಾಗಿ ಎಳಿ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ: ಬೇಕಿರುವುದು ಬಲವಲ್ಲ, ವೇಗ. ಹಗ್ಗವನ್ನು ಮೆಲ್ಲಗೆ ಎಳೆದು, ಸ್ಟಾರ್ಟರಿನ ಹಲ್ಲು ಕಚ್ಚಿದ್ದು ಕೈಗೆ ಗೊತ್ತಾದ ಮೇಲೆ ಒಂದೇ ಸೆಳೆತ.

ಅಲೆಯ ಮೇಲೆ ಹೊಯ್ದಾಡುವ ದೋಣಿಯಲ್ಲಿ ಇಷ್ಟೆಲ್ಲ ನೋಡಲು ಪುರುಸೊತ್ತೆಲ್ಲಿ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದ್ದರಿಂದಲೇ ಎಂಜಿನ್ ಮುಟ್ಟುವ ಮೊದಲು ಲಂಗರು ಇಳಿಸಬೇಕು. ಬಂಡೆಯತ್ತ ತೇಲುತ್ತಿರುವ ದೋಣಿಯಲ್ಲಿ ಯಾವ ರಿಪೇರಿಯೂ ಸಾಗದು. ಆಮೇಲೆ ಕ್ಲಿಪ್, ಗೇರ್ ನ್ಯೂಟ್ರಲ್, ಗಾಳಿಯ ಸ್ಕ್ರೂ, ಬಲ್ಬ್, ಕಾಕ್ ಇವಿಷ್ಟನ್ನು ಕೈಯಾಡಿಸಿ ನೋಡಲು ಒಂದು ನಿಮಿಷ ಸಾಕು. ಗುರಿಯಿಲ್ಲದೆ ಹಗ್ಗ ಎಳೆಯುವುದರಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಹೋಗುತ್ತದೆ, ತೋಳಿನ ಕಸುವೂ ಹೋಗುತ್ತದೆ, ಎಂಜಿನ್ ಇನ್ನಷ್ಟು ಹಸಿಯಾಗುತ್ತದೆ.

ಅತ್ಯಂತ ದುಬಾರಿ ತಪ್ಪು ಕಲ್ಪನೆ ಅಳಿವೆಯಲ್ಲಿ ದೋಣಿ ಮಗುಚಿ ಮುಳುಗಿದ ಎಂಜಿನ್ನಿನದು. ಬಿಸಿಲಿಗಿಟ್ಟು ಒಣಗಿಸಿದರೆ ಸರಿಹೋಗುತ್ತದೆಂದು ನಂಬಿದವರಿದ್ದಾರೆ. ಉಪ್ಪುನೀರು ತಾಗಿದ ಬೇರಿಂಗ್ ಗಾಳಿಗೆ ತೆರೆದುಕೊಂಡ ಕೂಡಲೇ ತುಕ್ಕು ಹಿಡಿಯಲು ಶುರುವಾಗುತ್ತದೆ, ಬಿಸಿಲು ಅದಕ್ಕೆ ನೆರವಾಗುತ್ತದೆ. ತಕ್ಷಣ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು, ಪ್ಲಗ್ ಬಿಚ್ಚಿ ಒಳಗಿನ ನೀರು ಹೊರಹಾಕಿ, ಎಣ್ಣೆ ಬಿಟ್ಟು, ಕೆಲವೇ ಗಂಟೆಗಳೊಳಗೆ ಓಡಿಸಬೇಕು. ಮೆಕ್ಯಾನಿಕ್ ಬರುವುದು ಮರುದಿನವಾದರೆ ಎಂಜಿನ್ನನ್ನು ಗಾಳಿಯಲ್ಲಿ ಬಿಡುವುದಕ್ಕಿಂತ ಸಿಹಿನೀರಿನ ಡ್ರಮ್ಮಿನಲ್ಲಿ ಮುಳುಗಿಸಿಡುವುದೇ ಮೇಲು. ಓಡುತ್ತಿದ್ದಾಗಲೇ ಮುಳುಗಿದ ಎಂಜಿನ್ನಾಗಿದ್ದು, ಪ್ಲಗ್ ಬಿಚ್ಚಿದ ಮೇಲೂ ಹಗ್ಗ ಬಿಗಿಯಾಗಿದ್ದರೆ ಬಲವಂತದಿಂದ ಎಳೆಯಬಾರದು. ನೀರು ಒತ್ತಿದರೆ ಕುಗ್ಗುವ ವಸ್ತುವಲ್ಲ. ಒಳಗೆ ಕನೆಕ್ಟಿಂಗ್ ರಾಡ್ ಬಾಗಿರಬಹುದು, ಅದನ್ನು ಬಿಚ್ಚಿಯೇ ನೋಡಬೇಕು.