ಬಾಗಿಲು ತೆಗೆದರೆ ಬಹುಮಾನ

ಶಾಲಿಲ್ಲ, ಪೇಟವಿಲ್ಲ, ಹಣ್ಣಿನ ಬುಟ್ಟಿಯಿಲ್ಲ. ಗೆದ್ದ ಲೇಖಕರ ಕೈಗೆ ಕೊಡುವುದು ಒಂದು ಪುಟಾಣಿ ದೆವ್ವದ ಬಂಗಲೆ. ಅದರ ಮುಂಬಾಗಿಲನ್ನು ಬೆರಳಲ್ಲಿ ಎಳೆದರೆ ತೆರೆದುಕೊಳ್ಳುತ್ತದೆ. ಒಳಗೆ ಹಿತ್ತಾಳೆ ತಗಡಿನ ಮೇಲೆ ಕೃತಿಯ ಹೆಸರು, ಬರೆದವರ ಹೆಸರು. ತೊಂಬತ್ತರ ದಶಕದಲ್ಲಿ ದೆವ್ವಕ್ಕೆ ಹೆದರಿ ಮನೆಬಾಗಿಲಿಗೆ ‘ನಾಳೆ ಬಾ’ ಎಂದು ಬರೆದು ಮಲಗುತ್ತಿದ್ದ ನಮ್ಮ ಜನಕ್ಕೆ ಇಂಥ ಬಾಗಿಲು ಎಳೆಯುವ ಧೈರ್ಯ ಬರುತ್ತಿತ್ತೋ ಇಲ್ಲವೋ!

ಇದು ಬ್ರಾಮ್ ಸ್ಟೋಕರ್ ಪ್ರಶಸ್ತಿ. 1897ರಲ್ಲಿ ‘ಡ್ರಾಕುಲಾ’ ಬರೆದವನ ಹೆಸರಿನಲ್ಲಿ ಅಮೆರಿಕದ ಹಾರರ್ ರೈಟರ್ಸ್ ಅಸೋಸಿಯೇಷನ್ ಪ್ರತಿವರ್ಷ ಕೊಡುತ್ತದೆ. 1987ರ ಕೃತಿಗಳಿಂದ ಶುರುವಾಯಿತು. ಕಾದಂಬರಿ, ಸಣ್ಣಕತೆ, ಕವಿತೆ, ಚಿತ್ರಕತೆ ಎಲ್ಲಕ್ಕೂ ಬೇರೆಬೇರೆ ಬಹುಮಾನ. ಕೊನೆಗೆ ಮತ ಹಾಕುವವರು ಬರಹಗಾರ ಸದಸ್ಯರೇ. ‘ಅತ್ಯುತ್ತಮ’ ಎಂಬ ಮಾತನ್ನು ಬೇಕೆಂದೇ ಬಿಟ್ಟು ‘ಮೇಲ್ಮಟ್ಟದ ಸಾಧನೆ’ ಎನ್ನುತ್ತಾರೆ. ಮೊದಲ ವರ್ಷವೇ ಕಾದಂಬರಿಯ ಬಹುಮಾನವನ್ನು ಇಬ್ಬರು ಹಂಚಿಕೊಂಡರು: ‘ಸ್ವಾನ್ ಸಾಂಗ್’ನ ರಾಬರ್ಟ್ ಮೆಕ್ಯಾಮನ್, ‘ಮಿಸರಿ’ಯ ಸ್ಟೀಫನ್ ಕಿಂಗ್. ‘ಮಿಸರಿ’ಯಲ್ಲಿ ದೆವ್ವವೇ ಇಲ್ಲ. ಕಾಲು ಮುರಿದುಕೊಂಡ ಕಾದಂಬರಿಕಾರನನ್ನು ಅಭಿಮಾನಿ ಹೆಂಗಸೊಬ್ಬಳು ಮನೆಯಲ್ಲಿ ಕೂಡಿಹಾಕಿಕೊಳ್ಳುತ್ತಾಳೆ, ಅಷ್ಟೆ.

ದೆವ್ವವಿಲ್ಲದ ಈ ಭಯದ ಕತೆಯಿಂದ ನನಗೆ ನೆನಪಾದದ್ದು ನಮ್ಮ ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರ. ‘ಆನಂದ’ ಎಂಬ ಹೆಸರಿನಲ್ಲಿ ಬರೆದ ಅಜ್ಜಂಪುರ ಸೀತಾರಾಂ ಅವರ ‘ನಾನು ಕೊಂದ ಹುಡುಗಿ’ಯ ತಲೆಬರಹವೇ ಬೆಚ್ಚಿಬೀಳಿಸುತ್ತದೆ. ಅದರಲ್ಲೂ ದೆವ್ವವಿಲ್ಲ, ಕೊಲೆಯೂ ಇಲ್ಲ. ದೇವರ ಹೆಸರಿನಲ್ಲಿ ಬಸವಿ ಬಿಟ್ಟ ಹುಡುಗಿಗೆ ಅತಿಥಿಯೊಬ್ಬ ಸದುದ್ದೇಶದಿಂದಲೇ ನಾಲ್ಕು ಬುದ್ಧಿಮಾತು ಹೇಳುತ್ತಾನೆ. ಅವಳು ಬಾವಿ ಪಾಲಾಗುತ್ತಾಳೆ. ನನ್ನ ಮಟ್ಟಿಗೆ ಕನ್ನಡದ ದೊಡ್ಡ ಭಯದ ಕತೆ ಇದೇ.

ನೆರೆಯ ಕಡೂರಿನವರಿಗೆ ಬೇರೆ ಭಯವಿತ್ತು: ಹುಲಿ. ಬೇಟೆಗಾರ ಕೆನೆತ್ ಆಂಡರ್ಸನ್‌ನ 1954ರ ಮೊದಲ ಪುಸ್ತಕದಲ್ಲೇ ಅಲ್ಲಿನ ಎಮ್ಮೆದೊಡ್ಡಿಯ ನರಭಕ್ಷಕನ ಕತೆಯಿದೆ. ಪಕ್ಕದ ಹೊಸದುರ್ಗ–ಹೊಳಲ್ಕೆರೆಯದೂ ಇದೆ. ಆಂಡರ್ಸನ್‌ನ ಕಾಡಿನ ಕತೆಗಳನ್ನು ಕನ್ನಡಕ್ಕೆ ತಂದವರು ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ. ಏಲಕ್ಕಿ ವಿಜ್ಞಾನಿಯ ನಿಗೂಢ ಸಾವಿನ ಸುತ್ತ ಬೆಳೆಯುವ ಅವರ ‘ಚಿದಂಬರ ರಹಸ್ಯ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದೂ 1987ರಲ್ಲೇ.

ನವರಸದಲ್ಲಿ ಭಯಾನಕಕ್ಕೆ ಜಾಗವಿದೆ, ನಮ್ಮ ಸಾಹಿತ್ಯ ಅಕಾಡೆಮಿಯ ಬಹುಮಾನಗಳ ಪಟ್ಟಿಯಲ್ಲಿ ಇಲ್ಲ. ದೆವ್ವದ ಕತೆಯೆಂದರೆ ಬಸ್‌ಸ್ಟ್ಯಾಂಡ್ ಪುಸ್ತಕ ಎಂಬ ತಾತ್ಸಾರ ಇನ್ನೂ ಹೋಗಿಲ್ಲ. ಕಡೂರು, ತರೀಕೆರೆ, ಅಜ್ಜಂಪುರದ ಕನ್ನಡ ಸಂಘಗಳು ಸೇರಿ ಭಯದ ಕತೆಗೊಂದು ದತ್ತಿ ಬಹುಮಾನ ಇಡಬಾರದೇಕೆ? ದೊಡ್ಡ ಮೊತ್ತವೇನೂ ಬೇಡ. ಬಾಗಿಲಿರುವ ಪುಟ್ಟ ಮನೆಯೊಂದನ್ನು ನಮ್ಮೂರ ಬಡಗಿಗಳೇ ಮಾಡಿಕೊಡುತ್ತಾರೆ.